ಬಣ್ಣದ ಹೊಟ್ಟೆ

ಆ ಹೊಟ್ಟೆಯನ್ನು ಬರೆದವಳು ಅವಳೇ. ಬಸ್‌ಸ್ಟಾಪಿನಲ್ಲಿ, ಬಸ್ಸುಗಳ ಬೆನ್ನ ಮೇಲೆ ಹಲ್ಲು ಕಿರಿದುಕೊಂಡು ನಿಂತಿದ್ದ ಪೋಸ್ಟರಿನ ಬರಿಮೈ ಹುಡುಗನ ಆರು ಉಬ್ಬುಗಳೂ ಅವಳ ಕುಂಚದ ಕರಾಮತ್ತು. ಹುಡುಗನಿಗೆ ದೇವರು ಕೊಟ್ಟಿದ್ದು ಸಪಾಟು ಹೊಟ್ಟೆ, ಅದೂ ಹಿಂದಿನ ದಿನದಿಂದ ನೀರು ಬಿಟ್ಟು ಒಣಗಿಸಿಕೊಂಡದ್ದು. ಅವಳು ಕಂದು ಬಣ್ಣದ ಗೆರೆ ಎಳೆದು, ಅಂಚು ತೀಡಿ, ಮೇಲೆ ಎಣ್ಣೆ ಸವರಿದಳು. ಮಾರಬೇಕಿದ್ದ, ಬ್ಯಾಟರಿಯಿಂದ ನಡುಗುವ ಬೆಲ್ಟನ್ನು ಅವನ ಕೈಗೆ ಕೊಟ್ಟು ಫೋಟೊ ಹೊಡೆದರು. ಸೊಂಟಕ್ಕೆ ಕಟ್ಟಿದರೆ ಬಣ್ಣ ಅಳಿಸೀತಲ್ಲ. ಫೋಟೊದ ಕೆಳಗೆ 'ಕುಳಿತಲ್ಲೇ ಕೊಬ್ಬು ಕರಗಿಸಿ' ಎಂದು ನಾಚಿಕೆ ಇಲ್ಲದೆ ಬರೆದರು.

"ಇಲ್ಲಿ ನಡೆದಿದ್ದು ಹೊರಗೆ ಬಾಯಿಬಿಟ್ರೆ ನಾಳೆಯಿಂದ ಮನೇಲೇ ಇರಿ" ಎಂದು ಅವಳು ಮೇಕಪ್ ಮಾಡುತ್ತಿದ್ದ ಸ್ಟುಡಿಯೋದ ಮ್ಯಾನೇಜರ್ ಮೊದಲ ದಿನವೇ ಹೇಳಿಬಿಟ್ಟಿದ್ದ. ಅವಳು ಗಂಡನಿಗೂ ಬಾಯಿಬಿಡಲಿಲ್ಲ. ಆದರೆ ಇಷ್ಟು ಚಂದ ಬಂದ ಕೆಲಸವನ್ನು ಬಚ್ಚಿಟ್ಟುಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ? ಒಂದು ಪೋಸ್ಟರ್ ತಂದು ಊಟದ ಮೇಜಿನ ಎದುರಿಗೆ ಅಂಟಿಸಿದಳು.

"ಯಾರೇ ಇವನು?" ಎಂದ ಗಂಡ.

"ಸ್ಟುಡಿಯೋಗೆ ಬಂದಿದ್ದ ಹುಡುಗ. ಎಷ್ಟು ಚೆನ್ನಾಗಿದೆ ನೋಡಿ."

ಗಂಡ ನೋಡಿದ. ಆಮೇಲೆ ಬಗ್ಗಿ ತನ್ನದನ್ನೂ ನೋಡಿಕೊಂಡ. ಆ ದಿನ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅವನು ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿಟ್ಟರೆ ಮುಗಿಯಿತು. ಆ ಕೈಯನ್ನು ನಂಬಿಯೇ ಜನ ಅಂಗಡಿಗೆ ಬರುತ್ತಿದ್ದರು, ಆ ಕೈಯೇ ಮನೆಯ ಅನ್ನ.

ಮೊದಲು ಗುಟ್ಟು ಹಿಡಿದವರು ಅತ್ತೆ.

"ನಿನ್ನ ಗಂಡ ಗುಂಯ್‌ಗುಡ್ತಾನೆ ಕಣೇ."

"ಫ್ರಿಜ್ಜಿರ್ಬೇಕು ಅತ್ತೆ."

"ಫ್ರಿಜ್ಜು ಬಚ್ಚಲಿಗೆ ಹೋಗುತ್ತಾ?"

ಅವಳು ನಕ್ಕು ಮರೆತುಬಿಟ್ಟಳು. ಮರುದಿನ ಅವನು ಬೇಕೆಂದೇ ಬಿಟ್ಟುಹೋದ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದಾಗ ನಗು ಇಳಿಯಿತು. ಗಂಡ ಮಸೂರ ಹಾಕಿಕೊಂಡು ಕೂತಿದ್ದ, ಇಡೀ ಮನುಷ್ಯ ಅದುರುತ್ತಿದ್ದ. ಎದುರಿಗೆ ವಯಸ್ಸಾದ ಟೀಚರಮ್ಮ. ಚಿಮಟದಿಂದ ಸ್ಪ್ರಿಂಗ್ ಚಂಗನೆ ಹಾರಿ ಗಾಜಿಗೆ ಬಡಿಯಿತು.

"ಬಿಡಪ್ಪ, ನಿಂಗೆ ಮೈ ಸರಿಯಿಲ್ಲ. ಇದು ನಮ್ಮನೆಯವರು ಕೊನೇವರೆಗೂ ಕಟ್ಟಿದ ವಾಚು. ಬೇರೆ ಕಡೆ ಕೊಡ್ತೀನಿ" ಎಂದು ಟೀಚರಮ್ಮ ಸ್ಪ್ರಿಂಗನ್ನೂ ಆಯ್ದುಕೊಂಡು ಹೊರಟರು.

ಆ ಅಂಗಡಿಯಿಂದ ರಿಪೇರಿಯಾಗದೆ ವಾಚು ವಾಪಸ್ಸು ಹೋದದ್ದು ಅದೇ ಮೊದಲು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಷಟರ್ ಎಳೆದು ಅವನ ಅಂಗಿ ಎತ್ತಿದಳು. ಬೆಲ್ಟು ಗುಂಯ್ ಎನ್ನುತ್ತಿತ್ತು, ಸುತ್ತಲಿನ ಚರ್ಮ ಕೆಂಪಾಗಿತ್ತು.

"ಇದೇನ್ರೀ ಇದು ಅವತಾರ?"

"ಕರಗೋ ತನಕ ಬಿಚ್ಚಬಾರ್ದಂತೆ" ಎಂದ, ಅದುರುವ ದನಿಯಲ್ಲಿ. "ಊಟಕ್ಕೆ ಕೂತ್ರೆ ಎದುರಿಗೆ ಅವನು. ನೀನು ನನ್ನ ಮುಖ ನೋಡಲ್ಲ, ಅವನ ಹೊಟ್ಟೆ ನೋಡ್ತೀಯ."

ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬೆಲ್ಟು ಕಿತ್ತು ಮೂಲೆಗೆ ಎಸೆದಳು. ಅದು ಅಲ್ಲಿಯೂ ಸುಮ್ಮನಿರದೆ ಗುಂಯ್‌ಗುಡುತ್ತ ಬಿದ್ದಿತ್ತು, ಹಾಳಾದ್ದು. ಬ್ಯಾಗಿನಿಂದ ಬಣ್ಣ, ಕುಂಚ ತೆಗೆದು, "ಉಸಿರು ಬಿಗಿ ಹಿಡೀರಿ" ಎಂದಳು.

ಗೋಡೆ ಗಡಿಯಾರದ ಗಾಜಿನಲ್ಲಿ ಅವನು ತನ್ನನ್ನು ನೋಡಿಕೊಂಡ. ಗುಡಾಣದಂಥ ಹೊಟ್ಟೆಯ ಮೇಲೆ ಆರು ಉಬ್ಬುಗಳು ಠೀವಿಯಿಂದ ಕೂತಿದ್ದವು.

"ಹಾಗಾದ್ರೆ ಅವನದ್ದು?"

"ಅದೂ ನನ್ನ ಕೈದೇ ಕಣ್ರೀ. ಬೆಲ್ಟು ಅವನ ಸೊಂಟ ಮುಟ್ಟೇ ಇಲ್ಲ."

ಅವನು ಬಗ್ಗಿ ಒಂದು ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ನಗತೊಡಗಿದ, ಉಬ್ಬುಗಳೆಲ್ಲ ಕುಲುಕಾಡಿದವು. ನಗುತ್ತಿದ್ದವನು ಥಟ್ಟನೆ ಎದ್ದು ಷಟರ್ ಎತ್ತಿ, ಗುಂಡಿ ಹಾಕದ ಅಂಗಿಯಲ್ಲೇ ಬಸ್‌ಸ್ಟಾಪಿಗೆ ಓಡಿದ. ಅವಳೂ ಹಿಂದೆಯೇ ಓಡಿದಳು. ಟೀಚರಮ್ಮ ಇನ್ನೂ ಬಸ್ಸಿಗೆ ಕಾಯುತ್ತ ನಿಂತಿದ್ದರು.

"ಮೇಡಂ, ವಾಚು ಕೊಡಿ. ಇವತ್ತೇ ಮಾಡಿಕೊಡ್ತೀನಿ."

ಟೀಚರಮ್ಮ ವಾಚನ್ನು ಬಿಗಿಹಿಡಿದು ಅವನ ಹೊಟ್ಟೆಯನ್ನೇ ನೋಡಿದರು. "ಇದೇನಪ್ಪ ಇದು?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಅವರ ತಲೆಯ ಮೇಲೆ ಪೋಸ್ಟರಿನ ಹುಡುಗ ನಗುತ್ತಿದ್ದ. ಅವಳಿಗೆ ಮ್ಯಾನೇಜರನ ಮಾತು ನೆನಪಾಯಿತು. ಹಾಳಾಗಿ ಹೋಗಲಿ, ಕೆಲಸ ಹೋದರೆ ಇನ್ನೊಂದು ಸಿಕ್ಕೀತು.

"ಬಣ್ಣ ಮೇಡಂ" ಎಂದಳು, ಎಲ್ಲರಿಗೂ ಕೇಳುವಂತೆ. "ನಾನು ಬರೆದಿದ್ದು. ಅಗೋ, ಅವನಿಗೂ ನಾನೇ ಬರೆದಿದ್ದು. ಆ ಬೆಲ್ಟು ಕಟ್ಕೊಂಡೇ ಇವರ ಕೈ ನಡುಗ್ತಾ ಇದ್ದಿದ್ದು."

ಟೀಚರಮ್ಮ ಬೆರಳಿಗೆ ಎಂಜಲು ಹಚ್ಚಿ ಒಂದು ಉಬ್ಬನ್ನು ಉಜ್ಜಿದರು, ಪಾಟಿಯ ಮೇಲಿನ ತಪ್ಪು ಅಳಿಸುವಂತೆ. ಉಬ್ಬು ಮಾಯವಾಗಿ ಹಳೆಯ ಹೊಟ್ಟೆ ಇಣುಕಿತು.

"ಕೈ ತೋರ್ಸು" ಎಂದರು.

ಅವನು ಕೈ ಚಾಚಿದ. ಅವಳೂ ಉಸಿರು ಬಿಗಿಹಿಡಿದು ನೋಡಿದಳು. ಕೈ ಅಲುಗಲಿಲ್ಲ. ಟೀಚರಮ್ಮ ತಮ್ಮ ಗಂಡನ ವಾಚನ್ನು ಅದರ ಮೇಲಿಟ್ಟರು.