ಗೊಂಬೆಯ ತಲೆ ಹೇಳಿದ ಸುಳ್ಳು

ಕುದುರೆ ಕುಂಟುತ್ತಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾಕೆ ಕುಂಟುತ್ತಿದೆ ಎನ್ನುವುದೇ ತಕರಾರು.

"ಮಾವ ಲಾಳ ಹೊಡೀತಾರೆ, ಸೊಸೆ ಔಷಧಿ ಕೊಡ್ತಾರೆ. ಚೆನ್ನಾಗಿದೆ ಬಿಡಿ ನಿಮ್ಮ ಮನೆ ವ್ಯಾಪಾರ," ಎಂದಳು ಲಾಯದ ಯಜಮಾನಿ, ಗೇಟು ತೆಗೆಯುತ್ತ.

ನಗುತ್ತಲೇ ಆಡಿದರೂ ಮಾತಿನಲ್ಲಿ ಮುಳ್ಳಿತ್ತು. ಹೋದ ವಾರ ಗೊಂಬೆಯೆಂಬ ಈ ಕಂದು ಕುದುರೆಯ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆದವರು ಮಾವ. ಮೊನ್ನೆಯಿಂದ ಅದು ಕುಂಟುತ್ತಿದೆ. ಮೊಳೆ ಗೊರಸಿನೊಳಗಿನ ಹಸಿ ಭಾಗಕ್ಕೆ ತಾಗಿದೆ ಅಂತಾದರೆ ನಾಳೆಯಿಂದ ಬೇರೆ ಲಾಳದವನು ಬರುತ್ತಾನೆ ಎಂದು ಅವಳು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದಳು. ಸುತ್ತಮುತ್ತ ಇಷ್ಟು ಕುದುರೆಗಳಿರುವ ಲಾಯ ಇನ್ನೊಂದಿಲ್ಲ. ಇದು ಕೈತಪ್ಪಿದರೆ ಮಾವನಿಗೆ ಉಳಿಯುವುದು ಬಾಗಿಲ ಚಿಲಕ ರಿಪೇರಿ ಮಾಡುವ ಕೆಲಸ.

ಸೊಸೆ ಪಶುವೈದ್ಯೆ. ಮಾತಿಗೆ ಮಾತು ಬೆಳೆಸದೆ, "ಓಡಿಸಿ, ನೋಡೋಣ," ಎಂದಳು.

ಯಜಮಾನಿ ಹಗ್ಗ ಹಿಡಿದು ಕಲ್ಲುಹಾಸಿನ ಅಂಗಳದಲ್ಲಿ ಅತ್ತಿಂದಿತ್ತ ಓಡಿದಳು. ಕುದುರೆಗಿಂತ ಅವಳ ಏದುಸಿರೇ ಜೋರಾಗಿತ್ತು. ಎಡ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ಗೊಂಬೆಯ ತಲೆ ಮೇಲೇಳುತ್ತಿತ್ತು, ಬಲ ಮುಂಗಾಲು ಮುಟ್ಟಿದಾಗ ಕೆಳಗಿಳಿಯುತ್ತಿತ್ತು. ನೋಯುವ ಕಾಲಿನ ಮೇಲೆ ಭಾರ ಬೀಳದಿರಲೆಂದು ಕುದುರೆ ತಲೆ ಎತ್ತುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ ಸಂಗತಿ.

"ಎಡ ಮುಂಗಾಲು," ಎಂದಳು ಸೊಸೆ.

"ಅದನ್ನೇ ತಾನೆ ನಾನು ಫೋನಲ್ಲಿ ಬಡ್ಕೊಂಡಿದ್ದು," ಎಂದಳು ಯಜಮಾನಿ.

ಮಾವ ಆ ಕಾಲಿನ ಲಾಳ ಕಿತ್ತರು. ಒಂದೊಂದೇ ಮೊಳೆಯನ್ನು ಎಳೆದು, ಬೆಳಕಿಗೆ ಹಿಡಿದು, ಮೂಸಿ ನೋಡಿದರು. ಎಲ್ಲವೂ ಒಣಗಿದ್ದವು, ಕೀವಿನ ಸುಳಿವಿರಲಿಲ್ಲ. ಸೊಸೆ ಉದ್ದ ಹಿಡಿಯ ಇಕ್ಕಳದಿಂದ ಗೊರಸನ್ನು ಸುತ್ತಲೂ ಒತ್ತಿದಳು. ಗೊಂಬೆ ಆಕಳಿಸಿತು. ಅಷ್ಟಕ್ಕೇ ಬಿಡದೆ ಆ ಪಾದ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟಳು. ನೋವು ಅಲ್ಲೇ ಇದ್ದರೆ ಈಗ ಕುಂಟು ಮಾಯವಾಗಬೇಕು. ಸ್ವಲ್ಪ ಹೊತ್ತು ಬಿಟ್ಟು, ಗೊರಸಿಗೆ ದಪ್ಪ ಬಟ್ಟೆ ಸುತ್ತಿ, ಮತ್ತೆ ಓಡಿಸಿದರು. ತಲೆ ಅದೇ ತಾಳದಲ್ಲಿ ಏಳುತ್ತ ಇಳಿಯುತ್ತ ಹೋಯಿತು.

"ಹಾಗಾದ್ರೆ ಭುಜ ಇರ್ಬೇಕು," ಯಜಮಾನಿ ಮೆತ್ತಗಾದಳು. "ಸುಮ್ನೆ ನಿಮ್ಮ ಮೇಲೆ ಹಾರಾಡಿದೆ, ಮನಸ್ಸಿಗೆ ಹಚ್ಕೋಬೇಡಿ ಯಜಮಾನ್ರೇ. ಟೀ ಮಾಡ್ತೀನಿ, ಇರಿ."

ಅವಳು ಒಳಗೆ ಹೋದಳು. ಅಲ್ಲಿಗೆ ಮುಗಿಸಿಬಿಡಬಹುದಿತ್ತು. ಮೊಳೆಯ ಮೇಲಿನ ಅಪವಾದ ತಾನಾಗಿ ಕಳಚಿ ಬಿದ್ದಿತ್ತು. ಭುಜ ಉಳುಕಿದೆ, ವಿಶ್ರಾಂತಿ ಕೊಡಿ ಎಂದರೆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಆದರೆ ಮಾವ ಕುದುರೆಯ ಸುತ್ತ ಸುತ್ತುತ್ತಲೇ ಇದ್ದರು.

"ಭುಜ ನೋಯೋ ಕುದುರೆ ಕಾಲನ್ನ ಇಷ್ಟು ಧಾರಾಳವಾಗಿ ಮುಂದಕ್ಕೆ ಚಾಚುತ್ತಾ?"

"ಚಾಚಲ್ಲ ಮಾವ. ನನಗೂ ಅದೇ ಕೊರೀತಿದೆ."

"ಮತ್ತೆ?"

ಸೊಸೆ ತಾನು ನಿಂತಿದ್ದ ಜಾಗ ನೋಡಿಕೊಂಡಳು. ಇಷ್ಟು ಹೊತ್ತೂ ಗೋಡೆಯ ಪಕ್ಕದಲ್ಲೇ ನಿಂತು, ತಲೆ ಕುಣಿಯಿತೆಂದು ತಲೆಯನ್ನೇ ನೋಡಿದ್ದಳು. ಯಜಮಾನಿ ಮುಂಗಾಲು ಎಂದದ್ದು ಕಿವಿಯಲ್ಲಿ ಕೂತಿತ್ತು. ಹಿಂದೆ ನಿಂತು ಒಂದು ಸಲವೂ ನೋಡಿರಲಿಲ್ಲ. ಎಂಥ ದಡ್ಡತನ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು.

"ಹಿಂಗಾಲನ್ನೂ ನೋಡ್ಬೇಕು. ಆದ್ರೆ ಮಾವ, ಆ ಲಾಳಾನೂ ನೀವೇ ಹೊಡೆದಿದ್ದು."

"ಮತ್ತಿನ್ಯಾರು, ನಿಮ್ಮತ್ತೆ ಬಂದು ಹೊಡೀತಾಳಾ? ಸೀಮೆಸುಣ್ಣ ಎಲ್ಲಿ?"

ಅವಳು ಗೊಂಬೆಯ ಸೊಂಟದ ಎರಡೂ ಕಡೆ ಸೀಮೆಸುಣ್ಣದಿಂದ ಒಂದೊಂದು ದೊಡ್ಡ ಬೊಟ್ಟಿಟ್ಟಳು. ಈ ಸಲ ಮಾವ ಓಡಿಸಿದರು, ಅವಳು ಹಿಂದೆ ನಿಂತಳು. ಬಲಗಡೆಯ ಬೊಟ್ಟು ಮೆಲ್ಲಗೆ ಏರಿ ಇಳಿಯಿತು. ಎಡಗಡೆಯದು ಜಿಗಿಜಿಗಿದು ಕುಸಿಯುತ್ತಿತ್ತು.

"ಎಡ ಹಿಂಗಾಲು ಮಾವ! ನಿಲ್ಸಿ, ನಿಲ್ಸಿ!"

"ತಲೆ ಯಾಕೆ ಮುಂದಿನ ಕಾಲು ತೋರಿಸ್ತು ಹಾಗಾದ್ರೆ?"

"ಓಡುವಾಗ ಎಡ ಹಿಂಗಾಲೂ ಬಲ ಮುಂಗಾಲೂ ಜೋಡಿ, ಒಟ್ಟಿಗೇ ನೆಲಕ್ಕೆ ಬೀಳ್ತವೆ. ಹಿಂದೆ ನೋವು ಅಂತ ಭಾರಾನ ಮುಂದಕ್ಕೆ ತಳ್ಳೋಕೆ ತಲೆ ತಗ್ಗಿಸುತ್ತೆ. ನೋಡೋರಿಗೆ ಬಲ ಮುಂಗಾಲು ಗಟ್ಟಿ, ಎಡಗಡೇದು ಕುಂಟು ಅನ್ಸುತ್ತೆ."

"ಕಳ್ಳಿ," ಎಂದು ಮಾವ ಕುದುರೆಯ ಬೆನ್ನು ತಟ್ಟಿದರು. ದನಿಯಲ್ಲಿ ಮೆಚ್ಚುಗೆಯಿತ್ತು.

ಎಡ ಹಿಂಗಾಲಿನ ಗೊರಸಿನ ಹೊರಬದಿಯಲ್ಲಿ ಇಕ್ಕಳ ಒತ್ತಿದ್ದೇ ತಡ, ಗೊಂಬೆ ಕಾಲು ಕಿತ್ತುಕೊಂಡು ಬಕೆಟ್ಟನ್ನು ಅಂಗಳದಾಚೆ ಹಾರಿಸಿತು. ಮಾವ ಅಲ್ಲಿನ ಮೊಳೆಯನ್ನು ಎಳೆದರು. ಅದರ ತುದಿ ಒದ್ದೆಯಾಗಿ, ಕಪ್ಪಾಗಿತ್ತು. ರಂಧ್ರದಿಂದ ಬೂದುಬಣ್ಣದ ಕೀವು ಜಿನುಗಿತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ದುರ್ನಾತ ತಾನೇ ಬಂತು. ಆದರೂ ಮಾವ ಮೂಸಿದರು.

ಟೀ ಹಿಡಿದು ಬಂದ ಯಜಮಾನಿಯ ಮುಂದೆ ಅವರು ಅಂಗೈ ಚಾಚಿದರು.

"ಭುಜ ಅಲ್ಲ. ನನ್ನ ಮೊಳೆ."

ಯಜಮಾನಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಮೊಳೆಯನ್ನೂ ಮಾವನನ್ನೂ ನೋಡಿದಳು.

"ನೀವಾಗೇ ಹೇಳಿದ್ದು ದೊಡ್ಡದೇ. ಆದ್ರೂ ನಾನು ಆಡಿದ ಮಾತು ಆಡಿದ್ದೇ, ಯಜಮಾನ್ರೇ."

"ಸರಿ. ಹೊಸಬನಿಗೆ ಒಂದು ಹೇಳಿ. ಈ ಕಾಲಿನ ಹೊರಗೋಡೆ ತೆಳು, ಇಲ್ಲಿ ಮೊಳೆ ಇಳಿಸೋದು ಬೇಡ."

ಸೊಸೆ ರಂಧ್ರವನ್ನು ಅಗಲ ಮಾಡಿ ಕೀವು ಹೊರಡಿಸಿದಳು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಪಾದ ನೆನೆಸಿ, ಪಟ್ಟಿ ಕಟ್ಟಿ, ಧನುರ್ವಾಯು ಬಾರದಂತೆ ಇಂಜೆಕ್ಷನ್ ಕೊಟ್ಟಳು. ಮಾವ ತಮ್ಮ ಸಾಮಾನೆಲ್ಲ ಚೀಲಕ್ಕೆ ತುಂಬಿದರು. ಟೀಯನ್ನು ಮಾತ್ರ ಇಬ್ಬರೂ ಪೂರ್ತಿ ಕುಡಿದರು, ಚೆನ್ನಾಗಿತ್ತು.

ವ್ಯಾನು ಗೇಟು ದಾಟಿದ ಮೇಲೆ ಸೊಸೆ, "ಸುಮ್ನೆ ಟೀ ಕುಡಿದು ಬಂದುಬಿಟ್ಟಿದ್ರೆ ಆಗ್ತಿತ್ತೇನೋ," ಎಂದಳು.

ಪಕ್ಕದ ಸೀಟಿನಲ್ಲಿದ್ದ ಮಾವ ಸ್ಟೇರಿಂಗಿನ ಪಕ್ಕದ ಹಲಗೆಯ ಮೇಲೆ ಎರಡೂ ಕೈಗಳ ಎರಡೆರಡು ಬೆರಳೂರಿ ಕುದುರೆ ಓಡಿಸುತ್ತಿದ್ದರು. ಎಡ ಹಿಂದೆ, ಬಲ ಮುಂದೆ. ತಲೆಯಿಲ್ಲದ ಕುದುರೆ. ತಮ್ಮ ತಲೆಯನ್ನೇ ಅದಕ್ಕೆ ಸೇರಿಸಿ ಮುಂದಕ್ಕೆ ಬಗ್ಗಿಸಿದರು, ತಾಳ ತಪ್ಪಿತು.

"ನಿಧಾನವಾಗಿ ಇನ್ನೊಂದ್ಸಲ ಹೇಳಮ್ಮ," ಎಂದರು. "ಯಾವ ಕಾಲು ಬೀಳುವಾಗ ತಗ್ಗಿಸುತ್ತೆ?"