ಗೇಣು ದೂರದ ಕ್ಯಾಮೆರಾ

ನೆರೆಮನೆಯ ಗುರುಲಿಂಗಪ್ಪ ಚಾಕುವಿನ ತುದಿಯನ್ನು ಕ್ಯಾಮೆರಾದ ರಟ್ಟಿನ ಕೊಳವೆಯ ಬುಡಕ್ಕೆ ಹಚ್ಚಿದ. ಶೇವಂತಾ ಅವನ ಮಣಿಕಟ್ಟು ಹಿಡಿದಳು.

“ಬ್ಯಾಡ ಕಾಕಾ. ಒಮ್ಮೆ ಕಿತ್ರ ಮತ್ತ ಕೂಡಂಗಿಲ್ಲ.”

ಬ್ರಹ್ಮಪುರದ ಆ ಮನೆಯ ಪಡಸಾಲೆಯಲ್ಲಿ ತೀರಿಕೊಂಡ ಅವಳ ಅಪ್ಪ ಮಹಾದೇವಪ್ಪನನ್ನು ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಸ್ಟೇಶನ್ ಬಜಾರಿನಲ್ಲಿ ಇಪ್ಪತ್ತು ವರ್ಷ ಊರವರ ಫೋಟೋ ತೆಗೆದವನದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಹೆಂಡತಿ ಸಾಬಮ್ಮ ಕೇಳಿದಾಗಲೆಲ್ಲ, ಈ ಮಾರಿ ದಿನಾ ನೋಡುತ್ತೀಯಲ್ಲ, ಫೋಟೋದ ಪ್ಲೇಟು ಯಾಕೆ ಹಾಳು ಎಂದು ನಕ್ಕುಬಿಡುತ್ತಿದ್ದ. ಈಗ ಮಣ್ಣಿಗೆ ಒಯ್ಯುವ ಮೊದಲು ಅವಳಿಗೆ ಆ ಮುಖ ಬೇಕಿತ್ತು. ಊರಿನ ಇನ್ನೊಬ್ಬ ಫೋಟೋದವ ಹೈದರಾಬಾದಿಗೆ ಹೋಗಿದ್ದ. ಉಳಿದದ್ದು ಈ ಕ್ಯಾಮೆರಾ ಒಂದೇ, ಅದೂ ಗೇಣು ದೂರದ್ದನ್ನಷ್ಟೇ ಕಾಣುವಂಥದು. ಕೊಳವೆ ಕಿತ್ತರೆ ಮಾತ್ರ ಇಡೀ ಮುಖ ಬರುತ್ತಿತ್ತು.

*

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಕಮಲಾಪುರದ ಅಕ್ಬರಿ ಬೇಗಂ ಮದುವೆಯ ಗುಂಪಿನ ಫೋಟೋ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಬಂದಿದ್ದಳು. ಆ ಗದ್ದಲದಲ್ಲಿ ಸತ್ತ ಅವಳ ಗಂಡ ವಹಾಬ್ ಹಿಂದಿನ ಸಾಲಿನಲ್ಲಿದ್ದ. ಮುಖ ಜೋಳದ ಕಾಳಿನಷ್ಟು.

ಅದನ್ನು ದೊಡ್ಡದು ಮಾಡುವ ಸಾಮಾನು ತರಿಸುವ ತಾಕತ್ತು ಮಹಾದೇವಪ್ಪನಿಗೆ ಎಲ್ಲಿಯದು? ಬಟ್ಟೆ ಅಂಗಡಿಯಿಂದ ಥಾನು ಸುತ್ತುವ ರಟ್ಟಿನ ಕೊಳವೆ ಬೇಡಿ ತಂದ. ಒಳಗೆ ದೀಪದ ಮಸಿ ಬಳಿದ. ಲೆನ್ಸನ್ನು ಹಿಂದುಮುಂದಾಗಿ ಕೂರಿಸಿ ಹುಣಸೆ ಬೀಜದ ಅಂಟು ಹಾಕಿದ. ಕೊಳವೆ ಒಂಚೂರು ಉದ್ದವಾದರೂ ಮಂಜು, ಗಿಡ್ಡವಾದರೂ ಮಂಜು. ಎರಡು ತಿಂಗಳು ಕೊಯ್ದು, ಅಂಟಿಸಿ, ಮತ್ತೆ ಕೊಯ್ದ. ಶೇವಂತಾ ಕನ್ನಡಿಯಿಂದ ಬಿಸಿಲು ಬಿಡುವಳು. ರೈಲು ಬಂದರೆ ಅಂಗಡಿಯ ನೆಲ ನಡುಗುತ್ತದೆಂದು ಅದು ದಾಟುವವರೆಗೆ ಕಾದು, ಆಮೇಲೆ ಇಬ್ಬರೂ ಉಸಿರು ಹಿಡಿಯುವರು. ಅಂಥ ಹಟದ ಮನುಷ್ಯನನ್ನು ಬಜಾರು ಮತ್ತೆ ಕಾಣಲಿಲ್ಲ.

ಚಿತ್ರ ಬಂದ ದಿನ ಅಕ್ಬರಿ ಬೇಗಂ ಗಂಡನ ಹುಬ್ಬಿನ ಮೇಲಿನ ಗಾಯದ ಗುರುತು ಮುಟ್ಟಿದಳು.

“ಇದನ್ನ ಮರ್ತೇ ಬಿಟ್ಟಿದ್ದೆರೀ,” ಅಂದಳು.

ಆಮೇಲೆ ಹಾಗೆ ಸತ್ತವರ ಮನೆಯವರು ಒಬ್ಬರ ಹಿಂದೊಬ್ಬರು ಬಂದರು. ಮಹಾದೇವಪ್ಪ ಬೇರೆ ಫೋಟೋ ಬಿಟ್ಟು ಇದಕ್ಕೇ ಕೂತ, ಕೊಳವೆ ಮತ್ತೆ ಬಿಚ್ಚಲಿಲ್ಲ.

*

ಇನ್ನೂ ನಾಲ್ಕು ಮನೆಯ ಚಿತ್ರಗಳು ಡಬ್ಬಿಯಲ್ಲಿವೆ, ಈ ಕೊಳವೆ ಇದ್ದರೆ ನಾನೇ ಮುಗಿಸುತ್ತೇನೆ, ಹೋದರೆ ಅಪ್ಪನ ಅಳತೆ ಯಾರಿಗೂ ಸಿಗುವುದಿಲ್ಲ ಎಂದು ಶೇವಂತಾ ಗುರುಲಿಂಗಪ್ಪನ ಮಣಿಕಟ್ಟು ಬಿಡದೆ ಅವ್ವನಿಗೆ ಹೇಳಿದಳು. ಕೆಂಪು ಬಾಳೆಯ ಚಿಪ್ಪು ಹಿಡಿದು ಅಕ್ಬರಿ ಬೇಗಂ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖವಿಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಸಾಬಮ್ಮ ಅವಳನ್ನು ನೋಡಿದಳು, ಗಂಡನನ್ನು ನೋಡಿದಳು.

“ಚಾಕು ಒಳಗಿಡ್ರಿ ಗುರುಲಿಂಗಪ್ಪ. ಶೇವಂತಾ, ಗೇಣಿನಾಗ ಏನ್ ಕಾಣಸ್ತದೋ ಅದನ್ನೇ ತಗಿ.”

ಗಂಡನ ಬಲಗೈಯನ್ನು ತಾನೇ ಎತ್ತಿ ಮಣೆಯ ಮೇಲಿಟ್ಟಳು. ಫೋಟೋ ತೊಳೆಯುವ ಔಷಧದ ಕಪ್ಪು ಉಗುರಿನಡಿ ಕೂತಿದೆಯೆಂದು ಇಪ್ಪತ್ತು ವರ್ಷ ಊಟದ ಹೊತ್ತಿಗೆ ಅವನನ್ನು ಬೈದಿದ್ದಳು. ಬೆಳಿಗ್ಗೆ ಮೈ ತೊಳೆಯುವಾಗ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಅದು ಹೋಗಿರಲಿಲ್ಲ.

ಅಕ್ಬರಿ ಬೇಗಂ ಬಾಳೆಹಣ್ಣು ಕೆಳಗಿಟ್ಟು ಕನ್ನಡಿ ಹಿಡಿದಳು. ಸಾಬಮ್ಮ ಕ್ಯಾಮೆರಾದ ಹಿಂದಿನ ಕರಿ ಬಟ್ಟೆಯೊಳಗೆ ತಲೆ ಹಾಕಿದಳು. ಗಾಜಿನ ತುಂಬ ಒಂದೇ ಹೆಬ್ಬೆರಳು, ತಲೆಕೆಳಗಾಗಿ: ಗೆರೆ, ಸೀಳು, ಉಗುರಿನಡಿಯ ಕಪ್ಪು.

“ಹೌದು, ಇವ್ರೇ,” ಅಂದಳು.

ಯಾರೂ ಅಲ್ಲಾಡಬೇಡಿರೆಂದು ಶೇವಂತಾ ಕೇಳಿಕೊಂಡಳು. ಬೆಳಿಗ್ಗೆಯಿಂದ ನಡೆದಿದ್ದ ಭಜನೆ ನಿಂತಿತು. ಅವಳು ಲೆನ್ಸಿನ ಮುಚ್ಚಳ ತೆಗೆದಳು. ತುಂಬಿದ ಪಡಸಾಲೆ ಉಸಿರು ಹಿಡಿದು ನಿಂತಿತು.