ಅಂಗೈಯ ಘಮ

ಸಾವಿತ್ರಿ ಬರೆದ ಮಾಯಾಲೋಕದ ಕಥೆಯಲ್ಲಿ ರಾಜಕುಮಾರ ರಾಕ್ಷಸಿಯ ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ, ಕೇಳಲು ಕೂತ ಮೈದುನ ಜನಾರ್ದನ ಗೊರಕೆ ಹೊಡೆಯುತ್ತಿದ್ದ. ಅಲ್ಲಿ ಒಂದು ತುತ್ತು ತಿಂದವನು ಹೆತ್ತ ತಾಯಿಯ ಹೆಸರನ್ನೇ ಮರೆಯುತ್ತಾನೆ. ರಾಜಕುಮಾರನೋ, ಕಣ್ಣೆತ್ತಿಯೂ ನೋಡದೆ ದಾಟಿಹೋಗುತ್ತಾನೆ. ಎಂಥ ಧೀರ! ಆದರೆ ಮನೆಯವನನ್ನೇ ಎಚ್ಚರ ಇಡಲಾರದ ಕಥೆಯನ್ನು ಮೈಸೂರಿನ ಮಾಸಪತ್ರಿಕೆಗೆ ಯಾವ ಮುಖದಿಂದ ಕಳಿಸುವುದು? ಸಾವಿತ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತಮೂರರ ಸೂರತ್ತು. ಸ್ಟೇಷನ್ನಿನ ಎದುರಿಗೇ ಅವಳ ಗಂಡ ಶಂಕರನಾರಾಯಣರ ಉಡುಪಿ ಹೋಟೆಲು. ಏಕಾದಶಿಯೆಂದರೆ ಮನೆಮಂದಿಗೆ ನಿರಾಹಾರ, ಗಿರಾಕಿಗಳಿಗಲ್ಲ. ಅಂಥ ದಿನಗಳಲ್ಲಿ ಅಲ್ಲಿನ ಅಡುಗೆ ನೋಡಿಕೊಳ್ಳುವ ಜನಾರ್ದನ ರುಚಿ ನೋಡದೆ, ಘಮದಲ್ಲೇ ಉಪ್ಪುಹುಳಿ ಅಂದಾಜು ಮಾಡಿ ಅಡುಗೆ ಇಳಿಸುತ್ತಿದ್ದ. ಒಂದು ಏಕಾದಶಿಯಂದು ಅವನು ತರಕಾರಿ ತರಲು ಹೋಗಿದ್ದ, ಸಾಂಬಾರು ಸಾವಿತ್ರಿಯ ಪಾಲಿಗೆ ಬಿತ್ತು.

ಇಂಗಿನ ಒಗ್ಗರಣೆ ಚುಂಯ್ ಎಂದಿತು. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಒಯ್ದಳು, ಹೋಟೆಲಿನ ಅಭ್ಯಾಸ. ತುಟಿಗೆ ತಾಗುವಷ್ಟರಲ್ಲಿ ಏಕಾದಶಿ ನೆನಪಾಯಿತು. ಕೈ ನಿಂತಿತು, ಆದರೆ ಇಳಿಯಲೊಲ್ಲದು! ಹೊಟ್ಟೆ ವಾದಕ್ಕೇ ಇಳಿಯಿತು: ಒಂದು ಹನಿ ಊಟವೇ? ಉಪ್ಪು ಹೆಚ್ಚಾದರೆ ಹೋಟೆಲಿನ ಮಾನವೇನಾಗಬೇಕು? ನೋಡುವವರಾದರೂ ಯಾರು? ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಬಂತು. ಕೊನೆಗೆ ನಲ್ಲಿಗೆ ಓಡಿ ಕೈ ತೊಳೆದಳು. ಘಮ ಮಾತ್ರ ಹೋಗಲಿಲ್ಲ.

"ಅಯ್ಯೋ ರಾಜಕುಮಾರಾ, ನಿನಗೆ ಹಸಿವನ್ನೇ ಕೊಟ್ಟಿರಲಿಲ್ಲವಲ್ಲೋ ನಾನು!" ಎಂದು ಒಬ್ಬಳೇ ನಕ್ಕಳು. ಸಂಜೆ ಕೂತು ಆ ಭಾಗವನ್ನು ಹೊಸದಾಗಿ ಬರೆದಳು.

ಮರುದಿನ ದ್ವಾದಶಿ, ಬೆಳಿಗ್ಗೆಯೇ ಉಪವಾಸ ಬಿಡುವ ಪಾರಣೆ. ಎಲೆಯ ಮುಂದೆ ಕೂತ ಜನಾರ್ದನನಿಗೆ ಓದಿ ಹೇಳಿದಳು. ಈಗ ರಾಜಕುಮಾರನ ಕೈಯಲ್ಲಿ ತುತ್ತಿದೆ. ತಾಯಿಯ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾನೆ, ಕೈ ಮೇಲೇರುತ್ತಲೇ ಇದೆ. ಸಾವಿತ್ರಿ ಬೇಕೆಂದೇ ಅಲ್ಲಿ ನಿಲ್ಲಿಸಿದಳು.

ಜನಾರ್ದನನ ಕೈಯ ಅನ್ನವೂ ಬಾಯಿಯ ಹತ್ತಿರ ನಿಂತಿತು.

"ತಿಂದನಾ ಅತ್ತಿಗೆ?"

"ನೀನು ಮೊದಲು ಉಣ್ಣು."

"ಪಾರಣೆ ಹೊತ್ತು ಮೀರ್ತದೆ ಮಾರಾಯ," ಶಂಕರನಾರಾಯಣರು ಗದರಿದರು.

"ಮೀರಲಿ ಅಣ್ಣ! ಅವ ತಿಂದನಾ ಇಲ್ವಾ, ಹೇಳಿ ಅತ್ತಿಗೆ."

ನಿನ್ನೆಯಿಂದ ಹಸಿದವನು ತುತ್ತನ್ನು ಎಲೆಗೆ ಇಳಿಸಿಯೇಬಿಟ್ಟ. ಸಾವಿತ್ರಿಗೆ ಆನೆಬಲ ಬಂತು. ಕಥೆ ಇವತ್ತೇ ಮೈಸೂರಿಗೆ ಹೊರಡುತ್ತದೆ, ಅದರಲ್ಲಿ ಎರಡು ಮಾತಿಲ್ಲ! ಮೈದುನನ ಪಾರಣೆ ತಪ್ಪದಿರಲೆಂದು ಹಾಳೆ ತಿರುವಿದಳು.

"ತಿನ್ನಲಿಲ್ಲ. ಕೈ ತೊಳೆದುಕೊಂಡ. ಆದರೆ ಘಮ ಹೋಗಲಿಲ್ಲ."

"ಹೋಗುದಿಲ್ಲ," ಎಂದು ಜನಾರ್ದನ ಅನ್ನಕ್ಕೆ ಕೈ ಹಾಕಿದ.